ಪಾಮ್ ತರುವ ಮುನ್ನ: ಮರಿ ಆರಿಸುವುದು, ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಬೆಳ್ಳಗೆ, ಮೈತುಂಬ ಕೂದಲಿರುವ ಯಾವ ಸಣ್ಣ ನಾಯಿ ಕಂಡರೂ ನಾವು ‘ಪಾಮ್’, ಅಂದರೆ ಪೊಮೆರೇನಿಯನ್, ಅಂದುಬಿಡುತ್ತೇವೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಮೊಸರನ್ನ ತಿಂದುಕೊಂಡು ಗೇಟಿನ ಹಿಂದೆ ನಿಂತು ಬೊಗಳುತ್ತಿದ್ದವಲ್ಲ, ಅವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ಬೇರೆ ತಳಿ. ಅದೂ ಒಳ್ಳೆಯ ನಾಯಿಯೇ. ನಮ್ಮ ಸೆಕೆಗೆ ಚೆನ್ನಾಗಿ ಒಗ್ಗಿಕೊಂಡಿದೆ. ಆದರೆ ಅದನ್ನೇ ಪೊಮೆರೇನಿಯನ್ ಎಂದು ಹೇಳಿ ಹಲವು ಪಟ್ಟು ಬೆಲೆಗೆ ಮಾರುವವರಿದ್ದಾರೆ.

ಹಾಗಾಗಿ ಮೊದಲ ಕೆಲಸ, ಗುರುತು ಹಿಡಿಯುವುದು. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕದ ಕೆನೆಲ್ ಕ್ಲಬ್ ಲೆಕ್ಕದಲ್ಲಿ ಬೆಳೆದ ಪೊಮೆರೇನಿಯನ್ ತೂಕ ಸುಮಾರು 1.4ರಿಂದ 3.2 ಕಿಲೋ. ಮೂತಿ ಗಿಡ್ಡ, ಕಿವಿ ಪುಟ್ಟದು, ಬಾಲ ಬೆನ್ನ ಮೇಲೆ ಮಡಚಿಕೊಂಡಿರುತ್ತದೆ. ಇಂಡಿಯನ್ ಸ್ಪಿಟ್ಜ್‌ಗೆ ಮೂತಿ ಉದ್ದ, ತೂಕವೂ ಜಾಸ್ತಿ. ಮರಿಯಾಗಿದ್ದಾಗ ಎರಡೂ ಹತ್ತಿಯುಂಡೆಯಂತೆ ಒಂದೇ ಥರ ಕಾಣುತ್ತವೆ. ಅದಕ್ಕೇ ತಾಯಿನಾಯಿಯನ್ನು ನೋಡದೆ ಮಾತು ಮುಗಿಸಬೇಡಿ. ‘ಟೀಕಪ್’ ಅನ್ನುವುದು ತೀರಾ ಪುಟ್ಟ ಪಾಮ್‌ಗೆ ಮಾರಾಟಗಾರರು ಇಟ್ಟ ಹೆಸರು, ಅಂಥದ್ದೊಂದು ತಳಿ ಇಲ್ಲ.

ಈ ನಾಯಿ ಮೊದಲು ಇಷ್ಟು ಚಿಕ್ಕದಿರಲಿಲ್ಲ. ಇದರ ಪೂರ್ವಜರು ಉತ್ತರ ಧ್ರುವದ ಕಡೆ ಹಿಮದಲ್ಲಿ ಜಾರುಬಂಡಿ ಎಳೆಯುತ್ತಿದ್ದ ನಾಯಿಗಳು. ಹೆಸರು ಬಂದದ್ದು ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯಾದಿಂದ. ಆ ಸೀಮೆ ಈಗ ಪೋಲೆಂಡ್ ಮತ್ತು ಜರ್ಮನಿಯಲ್ಲಿ ಹಂಚಿಹೋಗಿದೆ. 1767ರಲ್ಲಿ ಇಂಗ್ಲೆಂಡಿನ ರಾಣಿ ಷಾರ್ಲಟ್ ಎರಡು ನಾಯಿಗಳನ್ನು ತರಿಸಿಕೊಂಡಳು, ಅವುಗಳ ಹೆಸರು ಫೀಬಿ, ಮರ್ಕ್ಯುರಿ. ಅವು ಈಗಿನವಕ್ಕಿಂತ ಎಷ್ಟೋ ದೊಡ್ಡವು. ಗಾತ್ರ ಇಳಿಯಲು ದೊಡ್ಡ ಕಾರಣ ಅವಳ ಮೊಮ್ಮಗಳು ವಿಕ್ಟೋರಿಯಾ. 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಅವಳು ಕೊಂಡ ಮಾರ್ಕೊ ಎಂಬ ಪುಟ್ಟ ನಾಯಿ ಸುಮಾರು ಐದೂವರೆ ಕಿಲೋ ಇತ್ತು. ರಾಣಿ ಸಾಕಿದ ಮೇಲೆ ಕೇಳಬೇಕೆ? ಸಣ್ಣ ಪಾಮ್‌ಗೆ ಎಲ್ಲೆಡೆ ಬೇಡಿಕೆ ಬಂತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕುಳಿದ ಮೂರು ನಾಯಿಗಳಲ್ಲಿ ಎರಡು ಪಾಮ್. ಮಡಿಲಲ್ಲಿ ಹಿಡಿಯುವಷ್ಟು ಚಿಕ್ಕದಿದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು ಅನ್ನಿ.

ಮೈ ಇಳಿಯಿತು, ಜೋರು ಇಳಿಯಲಿಲ್ಲ. ತನಗಿಂತ ಹತ್ತು ಪಟ್ಟು ದೊಡ್ಡ ನಾಯಿಗೂ ಇದು ಎದುರು ನಿಲ್ಲುತ್ತದೆ. ಕಾಲಿಂಗ್ ಬೆಲ್, ಲಿಫ್ಟ್, ಕುಕ್ಕರ್ ಕೂಗು, ಎಲ್ಲಕ್ಕೂ ಬೊಗಳುತ್ತದೆ. ಅಪಾರ್ಟ್‌ಮೆಂಟಿಗೆ ಸರಿಹೊಂದುತ್ತದೆ ಅನ್ನುವ ಮಾತು ಜಾಗದ ಮಟ್ಟಿಗೆ ನಿಜ, ಪಕ್ಕದ ಮನೆಯವರನ್ನು ಕೇಳಿದರೆ ಬೇರೆ ಉತ್ತರ ಬರಬಹುದು. ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನಂತೂ ಬೇಡ ಅನ್ನುತ್ತೇನೆ. ಮಕ್ಕಳು ಎತ್ತಿ ಕೈಜಾರಿಸಿದರೆ ಮೂಳೆ ಮುರಿಯುತ್ತದೆ.

ಮುಂದಿನದು ಮರಿ ಆರಿಸುವುದು. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಪತ್ರ, ಲಸಿಕೆ ಕಾರ್ಡ್ ಕೇಳಿ. ‘ಆಮೇಲೆ ವಾಟ್ಸ್‌ಆ್ಯಪ್ ಮಾಡ್ತೀನಿ’ ಅಂದರೆ ಎದ್ದು ಬನ್ನಿ.

ಮರಿಯನ್ನು ಎತ್ತಿಕೊಳ್ಳುವ ಮೊದಲು ನೆಲದ ಮೇಲೆ ಓಡಾಡಲು ಬಿಟ್ಟು ಹಿಂಗಾಲನ್ನೇ ನೋಡಿ. ನಡೆಯುತ್ತ ನಡೆಯುತ್ತ ಒಂದು ಕಾಲನ್ನು ಮೇಲೆತ್ತಿ, ಎರಡು ಹೆಜ್ಜೆ ಕುಂಟುತ್ತ ಹೋಗಿ, ಮತ್ತೆ ಏನೂ ಆಗದ ಹಾಗೆ ಊರಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಈ ತಳಿಯಲ್ಲಿ ಇದು ಮಾಮೂಲಿ ತೊಂದರೆ. ತಂದೆತಾಯಿ ನಾಯಿಗಳಿಗೆ ಮಂಡಿ ಪರೀಕ್ಷೆ ಆಗಿದೆಯಾ ಎಂದೂ ಕೇಳಿ.

ಈಗ ದುಡ್ಡಿನ ಮಾತು. ಬೆಲೆ ಊರಿಂದ ಊರಿಗೆ ಬದಲಾಗುತ್ತದೆ, ಇದು ಅಂದಾಜಷ್ಟೇ. ಇಂಡಿಯನ್ ಸ್ಪಿಟ್ಜ್ ಮರಿ ಕೆಲವು ಸಾವಿರಕ್ಕೆ ಸಿಗುತ್ತದೆ. ಕಾಗದಪತ್ರ ಇರುವ ಪೊಮೆರೇನಿಯನ್‌ಗೆ ಹತ್ತಾರು ಸಾವಿರ, ಕೆಲವರು ಲಕ್ಷದವರೆಗೂ ಹೇಳುತ್ತಾರೆ. ಊಟಕ್ಕೆ ದೊಡ್ಡ ಖರ್ಚಿಲ್ಲ: ಮೂರು ಕಿಲೋ ನಾಯಿಗೆ ದಿನಕ್ಕೆ 60 ಗ್ರಾಂ ಆಸುಪಾಸು ಒಣ ಆಹಾರ ಸಾಕು, ತಿಂಗಳಿಗೆ ಎರಡು ಕಿಲೋ. ಕೈಸುಡುವುದು ವೈದ್ಯರ ಬಿಲ್ಲು. ಸಣ್ಣ ಬಾಯಲ್ಲಿ ಹಲ್ಲು ಒತ್ತೊತ್ತಾಗಿ ಇರುವುದರಿಂದ ಬೇಗ ಹಾಳಾಗುತ್ತವೆ, ಅರಿವಳಿಕೆ ಕೊಟ್ಟು ಸ್ವಚ್ಛ ಮಾಡಿಸಬೇಕಾಗುತ್ತದೆ. ಮಂಡಿ ಆಪರೇಷನ್ ಎಂದರೆ ಮರಿಯ ಬೆಲೆಗೆ ಸಮ ಬಂದರೂ ಆಶ್ಚರ್ಯವಿಲ್ಲ. ಪಾಮ್ 12ರಿಂದ 16 ವರ್ಷ ಬದುಕುತ್ತದೆ, ಲೆಕ್ಕವನ್ನು ಅಷ್ಟಕ್ಕೂ ಹಾಕಿ.

ಮನೆಗೆ ಬಂದ ಮೇಲೆ ಕತ್ತಿಗೆ ಬೆಲ್ಟ್ ಹಾಕಿ ಎಳೆಯಬೇಡಿ. ಶ್ವಾಸನಾಳ ಮೆತ್ತಗಿರುತ್ತದೆ, ಬಾತುಕೋಳಿ ಕೂಗಿದಂಥ ಕೆಮ್ಮು ಶುರುವಾಗುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ತನ್ನಿ. ಮರಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಂಶ ಇಳಿದು ತಲೆತಿರುಗಿ ಬೀಳಬಹುದು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ.

ಕೂದಲನ್ನು ವಾರಕ್ಕೆ ಎರಡು-ಮೂರು ಸಲ ಬಾಚಬೇಕು. ಸುಮ್ನೆ ಮೇಲೆ ಮೇಲೆ ಬಾಚಿದರೆ ಒಳಗೆ ಗಂಟು ಉಳಿಯುತ್ತದೆ. ನೀರು ಚಿಮುಕಿಸಿ, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಾಣುವಷ್ಟು ಒಳಗಿನಿಂದ ಬಾಚುತ್ತ ಬನ್ನಿ. ಕಿವಿಯ ಹಿಂದೆ, ತೊಡೆ ಸಂದಿಯಲ್ಲಿ ಗಂಟು ಜಾಸ್ತಿ. ನಾಲ್ಕೈದು ತಿಂಗಳಿಗೆ ಮರಿಕೂದಲು ಉದುರಿ ನಾಯಿ ಬಡಕಲಾಗಿ ಕಾಣುತ್ತದೆ. ಗಾಬರಿ ಬೇಡ, ಹೊಸ ಕೂದಲು ಬರುತ್ತದೆ. ಬೇಸಿಗೆಯಲ್ಲಿ ಪಾಪ ಸೆಕೆ ಎಂದು ಬೋಳಿಸಬೇಡಿ. ಎರಡು ಪದರದ ಈ ಕೂದಲು ಬಿಸಿಲಿಗೂ ರಕ್ಷಣೆ, ಬೋಳಿಸಿದ ಮೇಲೆ ಕೆಲವಕ್ಕೆ ಮೊದಲಿನಂತೆ ಬೆಳೆಯುವುದೇ ಇಲ್ಲ. ಫ್ಯಾನು, ತಣ್ಣನೆ ನೆಲ, ಕುಡಿಯಲು ನೀರು ಇರಲಿ. ವಾಕಿಂಗ್ ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ರಸ್ತೆ ತಣಿದ ಮೇಲೆ.