ಮಾನಪತ್ರ ಬರೆಯುವವನ ಅನುಭವ

ಹಾವೇರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಬ್ಯಾನರು ಎಲ್ಲ ಮಾಡುತ್ತೇವೆ. ಆದರೆ ಗಣೇಶನ ಹಬ್ಬ ಮುಗಿದ ಮೇಲೆ ಜಾಸ್ತಿ ಬರೋದು ಎರಡೇ ಕೆಲಸ. ಪ್ರಶಸ್ತಿ ಕೇಳಲು ಫೈಲ್ ಮಾಡಿಕೊಡುವುದು, ಸನ್ಮಾನಕ್ಕೆ ಮಾನಪತ್ರ ಬರೆದುಕೊಡುವುದು. ಮೊದಲನೆಯದಕ್ಕೆ ಬರುವವರು ಆಸೆಪಟ್ಟವರು, ಎರಡನೆಯದು ಆಸೆ ಈಡೇರಿದವರದು. ಇಬ್ಬರ ಮುಖವನ್ನೂ ವರ್ಷಗಟ್ಟಲೆ ನೋಡಿದ್ದೇನೆ. ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಫೈಲ್ ಅಂದರೆ ಏನು ಗೊತ್ತಾ? ಮೊದಲು ಪರಿಚಯದ ಪುಟ. ಆಮೇಲೆ ಪೇಪರ್ ತುಣುಕುಗಳ ಜೆರಾಕ್ಸ್, ಶಾಲು ಹೊದ್ದ ಫೋಟೋಗಳು, ಶಾಸಕರ ಶಿಫಾರಸು ಪತ್ರ. ಕೊನೆಗೆ ಸ್ಪೈರಲ್ ಬೈಂಡಿಂಗ್. ಪರಿಚಯದಲ್ಲಿ 'ಎಲೆಮರೆಯ ಕಾಯಿ' ಅನ್ನೋ ಮಾತು ಇರಲೇಬೇಕು. ಅದರ ಕೆಳಗೇ ಮೂರು ಪುಟ ಪ್ರಶಸ್ತಿ ಪಟ್ಟಿ! ದುಡ್ಡು ಕೊಟ್ಟು ತಂದ ಗೌರವ ಡಾಕ್ಟರೇಟನ್ನು ದಪ್ಪ ಅಕ್ಷರದಲ್ಲಿ ಹಾಕಿ ಅನ್ನುವವರೂ ಇದ್ದಾರೆ. ಹಾಕುತ್ತೇನೆ, ಅಂಗಡಿ ನಡೀಬೇಕಲ್ಲ.

ನಮ್ಮ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮಾತು ಹೇಳಬೇಕು. ಮಕ್ಕಳ ನಾಟಕ ಮಾಡಿಸಿ ಮಾಡಿಸಿ ಕೂದಲು ಹಣ್ಣಾದವರು. ನವೆಂಬರ್ 1ಕ್ಕೆ ಜಿಲ್ಲಾ ಪ್ರಶಸ್ತಿ ಬಂತು. ಮಾನಪತ್ರ ನಾನೇ ಬರೆದಿದ್ದೆ. ವೇದಿಕೆಯಲ್ಲಿ ಮೈಸೂರು ಪೇಟ, ಊರಿನ ಹೆಸರುವಾಸಿ ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಮಾಸ್ತರರ ಕಣ್ಣಲ್ಲಿ ನೀರು. ದೀಪಾವಳಿ ಕಳೆಯುವಷ್ಟರಲ್ಲಿ ಅಂಗಡಿಗೆ ಬಂದರು. "ಅವರಿಗೂ ಕೊಟ್ಟಾರಲ್ರೀ, ಅವರು ಮಾಡಿದ್ದರ ಏನು?" ಅಂತ ಶುರು. ತಮ್ಮ ಜೊತೆ ಪ್ರಶಸ್ತಿ ಪಡೆದ ಇನ್ನೊಬ್ಬರ ಬಗ್ಗೆ ಆ ಮಾತು. ಆಮೇಲೆ ದನಿ ತಗ್ಗಿಸಿ, "ರಾಜ್ಯದ್ದಕ್ಕ ಒಂದು ಫೈಲ್ ಮಾಡೋಣೇನ್ರಿ?" ಅಂದರು.

ರಾಜ್ಯೋತ್ಸವ ಪ್ರಶಸ್ತಿ ಈಗ ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನಕ್ಕೆ. 2023ರಲ್ಲಿ 68, 2024ರಲ್ಲಿ 69. ವರ್ಷಕ್ಕೆ ಒಂದು ಹೆಚ್ಚು. ಕಾಯುವವರ ಸಾಲು ಹಾಗೆ ಲೆಕ್ಕ ಹಿಡಿದು ಬೆಳೆಯುವುದಿಲ್ಲ. ಹಾಗಂತ ಪ್ರಶಸ್ತಿಯೇ ಸುಳ್ಳು ಅನ್ನುವವನಲ್ಲ ನಾನು. ಅದರ ಜೊತೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನ ಬರುತ್ತದೆ. ಗುಡಿಸಲಲ್ಲಿರುವ ಹಾಡುಗಾರ್ತಿಗೆ ಅದು ಮನೆಗೆ ಸೂರು. ದುಡ್ಡಿನ ಮಾತು ಬೇರೆ. ನನಗೆ ಕಾಡಿದ್ದು ಊಟಕ್ಕೆ ಕೊರತೆಯಿಲ್ಲದವರ ಹಸಿವು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ಮುಖಗಳ ವಿಡಿಯೋ ಇಟ್ಟುಕೊಂಡು ಅಮೆರಿಕದ ಮನಶ್ಶಾಸ್ತ್ರದವರು ಒಂದು ಅಧ್ಯಯನ ಮಾಡಿದ್ದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಜಾಸ್ತಿ ಖುಷಿಯಾಗಿ ಕಂಡರಂತೆ. ಬೆಳ್ಳಿಯವನ ಕಣ್ಣು ಮೇಲಿನ ಚಿನ್ನದ ಮೇಲೆ. ಕಂಚಿನವನಿಗೆ ಬರಿಗೈಲಿ ಹೋಗಲಿಲ್ಲವಲ್ಲ ಅನ್ನೋ ಸಮಾಧಾನ. ನಮ್ಮ ಮಾಸ್ತರರಿಗೆ ತಾಲ್ಲೂಕು ಪ್ರಶಸ್ತಿ ಬಂದ ವರ್ಷ ಇದ್ದ ನಗು ಜಿಲ್ಲೆಯದು ಬಂದಾಗ ಇರಲಿಲ್ಲ. ಸನ್ಮಾನಕ್ಕೆ ಯಾವಾಗಲೂ ಪಕ್ಕದವನ ಅಳತೆ ಬೇಕು, ಮೇಲಿನವನ ಅಳತೆ ಬೇಕು. ಮಕ್ಕಳಿಗೆ ನಾಟಕದ ಮಾತು ಕಲಿಸುವಾಗ ಮಾಸ್ತರರಿಗೆ ಆ ಅಳತೆ ನೆನಪೇ ಆಗುತ್ತಿರಲಿಲ್ಲ.

ನನಗೂ ಒಮ್ಮೆ ಸನ್ಮಾನ ಆಯಿತು. ಸುಳ್ಳೇಕೆ, ಖುಷಿಯಾಯಿತು. ನನ್ನದೇ ಅಂಗಡಿಯಲ್ಲಿ ಬೇರೆಯವರ ಕೈಲಿ ಬರೆಸಿದ ಮಾನಪತ್ರ! ಮರುದಿನ ಪೇಪರ್ ತೆಗೆದರೆ ಫೋಟೋದಲ್ಲಿ ಅಧ್ಯಕ್ಷರ ಕೈ ನನ್ನ ಮುಖಕ್ಕೆ ಅಡ್ಡ ಬಂದಿತ್ತು. ಮಧ್ಯಾಹ್ನದವರೆಗೂ ಅದೇ ಕಿರಿಕಿರಿ. ಅಷ್ಟು ಜನರ ಚಪ್ಪಾಳೆ ಹಿಂದಾಯಿತು, ಒಂದು ಕೈ ಮುಂದಾಯಿತು. ಈ ಆಟ ನನಗೆ ಬೇಡ ಅಂತ ಆವತ್ತೇ ಅನ್ನಿಸಿತು.

ಆಮೇಲೆ ಕೆಲವು ಪದ್ಧತಿ ಮಾಡಿಕೊಂಡೆ. ನನ್ನ ಹೆಸರಿನ ಫೈಲ್ ಮಾಡಿಕೊಳ್ಳುವುದಿಲ್ಲ. ಯಾರಾದರೂ ಸನ್ಮಾನಕ್ಕೆ ಕರೆದರೆ, ನಿರೂಪಣೆ ಕೊಡ್ರಿ, ಬರ್ತೀನಿ ಅನ್ನುತ್ತೇನೆ. ಮೈಕ್ ಹಿಡಿದವನಿಗೆ ಶಾಲು ಹೊದಿಸುವ ನೆನಪು ಸಂಘಟಕರಿಗೆ ಬರೋದು ಕಡಿಮೆ. 2018ರಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಪದ್ಮಶ್ರೀಯನ್ನೇ ವಿನಯದಿಂದ ಬೇಡ ಅಂದವರು. ಅವರ ಅಂಗಿಗೆ ಜೇಬೇ ಇರಲಿಲ್ಲ. ಅವರ ಎತ್ತರ ನಮ್ಮಂಥ ಸಂಸಾರಿಗಳದ್ದಲ್ಲ. ನನ್ನದು ಸುಮ್ನೆ ನುಣುಚಿಕೊಳ್ಳುವ ಉಪಾಯ, ಆದರೆ ಕೆಲಸ ಮಾಡುತ್ತದೆ.

ಮಾನಪತ್ರ ಬರೆಯುವ ರೀತಿಯೂ ಬದಲಾಯಿತು. ಈಗ ಪ್ರಶಸ್ತಿ ಪಟ್ಟಿ ಕೇಳುವುದಿಲ್ಲ. "ಬೆಳಗ್ಗೆ ಎದ್ದು ಏನು ಮಾಡ್ತೀರಿ, ಅದನ್ನ ಹೇಳ್ರಿ" ಅನ್ನುತ್ತೇನೆ. ಒಬ್ಬ ಡೊಳ್ಳಿನ ಮೇಳದ ಹಿರಿಯರು ಹೀಗೆ ಕೇಳಿದ್ದಕ್ಕೆ ಎದ್ದೇ ನಿಂತರು. ಮಳೆಗಾಲದಲ್ಲಿ ತೊಗಲು ಮೆತ್ತಗಾಗಿ ದನಿ ಸತ್ತಾಗ ಬೆಂಕಿಗೆ ಎಷ್ಟು ದೂರ ಹಿಡಿಯಬೇಕು, ಹಗ್ಗ ಯಾವ ಕಡೆಯಿಂದ ಬಿಗಿಯಬೇಕು ಅಂತ ನನ್ನ ಪ್ಲಾಸ್ಟಿಕ್ ಸ್ಟೂಲ್ ತಲೆಕೆಳಗು ಮಾಡಿ ತೋರಿಸಿದರು. ಪ್ರಿಂಟ್ ತೆಗೆಯಲು ಬಂದಿದ್ದ ಕಾಲೇಜು ಹುಡುಗರು ಕೆಲಸ ಬಿಟ್ಟು ಕೇಳುತ್ತಾ ನಿಂತರು. ನಾನು ಅದನ್ನೇ ಟೈಪ್ ಮಾಡಿದೆ. ಸಂಘಟಕರಿಗೆ ಹಿಡಿಸಲಿಲ್ಲ. ಇದರಲ್ಲಿ ಬಿರುದೇ ಇಲ್ಲವಲ್ಲ ಅಂದರು. ಕೊನೆಗೆ ಅವರ ಒತ್ತಾಯಕ್ಕೆ ಒಂದು 'ಕಲಾರತ್ನ' ಸೇರಿಸಿದೆ.

ಮಾಸ್ತರರು ಈ ವರ್ಷವೂ ಬಂದಿದ್ದರು. ಫೈಲ್ ಮಾಡಿಕೊಟ್ಟೆ, ದುಡ್ಡೂ ತಗೊಂಡೆ. ಬೇಡ ಅನ್ನೋಕೆ ನಾನ್ಯಾರು? ಬೈಂಡಿಂಗ್ ಆಗುವವರೆಗೆ ಕೂರಿಸಿ, ಹೊಸ ನಾಟಕದಲ್ಲಿ ಪಾತ್ರ ಯಾರ್‍ಯಾರದು ಅಂತ ಮಾತ್ರ ಕೇಳಿದೆ. ಪಕ್ಕದ ಅಂಗಡಿಯ ಚಹಾ ಎರಡು ಸಲ ತರಿಸಬೇಕಾಯಿತು.