ಟ್ರ್ಯಾಕ್‌ನಲ್ಲಿ ಓಡೋ ಕಾರಿಗೆ ಅಲೈನ್‌ಮೆಂಟ್: ಮೊದ್ಲು ಟಯರ್ ನೋಡಿ, ಆಮೇಲೆ ಸ್ಪ್ಯಾನರ್ ಹಿಡೀರಿ

ಸ್ಪೋರ್ಟ್ಸ್ ಕಾರನ್ನ ಟ್ರ್ಯಾಕ್‌ಗೆ ತಗೊಂಡು ಹೋಗೋಕೆ ಶುರು ಮಾಡಿದವರಿಗೆ ಬೇಗನೇ ಕಣ್ಣಿಗೆ ಬೀಳೋ ವಿಷಯ ಒಂದಿದೆ, ಮುಂದಿನ ಟಯರ್‌ಗಳ ಹೊರ ಅಂಚು ಪೂರ್ತಿ ಬೋಳಾಗಿರುತ್ತೆ, ಆದ್ರೆ ನಡುವೆ ಮತ್ತೆ ಒಳಗಡೆ ಇನ್ನೂ ಒಳ್ಳೆ ಬಟನ್ ಉಳಿದಿರುತ್ತೆ. ಆಗ ತುಂಬ ಜನ ಏನ್ ಮಾಡ್ತಾರೆ ಅಂದ್ರೆ ಕಾರನ್ನ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸೋ) ಮಷಿನ್ ಮೇಲೆ ಹತ್ತಿಸಿ, ಕಂಪನಿ ಕೊಟ್ಟಿರೋ ನಂಬರ್‌ಗೆ ಸರಿಯಾಗಿ ತರಿಸಿ, ಪ್ರಿಂಟ್‌ನಲ್ಲಿ ಎಲ್ಲ ಹಸಿರು ಬಂತು ಅಂತ ಸಮಾಧಾನ ಮಾಡ್ಕೊಂಡು ವಾಪಸ್ ಟ್ರ್ಯಾಕ್‌ಗೆ ಹೋಗ್ತಾರೆ, ಮುಂದಿನ ಸೆಟ್ ಟಯರ್ ಕೂಡ ಹಂಗೇ ಹೋಗುತ್ತೆ. ಆ ಹಸಿರು ನಂಬರ್ ಇರೋದು ರಸ್ತೇಲಿ ನೇರ ಓಡೋ ಕಾರಿಗೆ, ಜೋರಾಗಿ ಬಾಗಿಕೊಂಡು ಕಾರ್ನರ್ ತಗೊಳ್ಳೋ ಕಾರಿಗೆ ಏನು ಬೇಕು ಅಂತ ಹೇಳೋದು ಆ ಟಯರ್ ಒಂದೇ. ಅದನ್ನ ಹೆಂಗೆ ನೋಡ್ಬೇಕು, ನೋಡಿದ್ಮೇಲೆ ಏನನ್ನ ಎಷ್ಟು ತಿರುಗಿಸ್ಬೇಕು ಅನ್ನೋದನ್ನ ಒಂದೊಂದಾಗಿ ಹೇಳ್ತೀನಿ.

ಮೂರು ಕೋನ, ಬೇಗ ಹೇಳಿಬಿಡ್ತೀನಿ

ಮುಂದಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಗೆ ವಾಲಿದ್ರೆ ನೆಗೆಟಿವ್ ಕ್ಯಾಂಬರ್, ಹೊರಗೆ ವಾಲಿದ್ರೆ ಪಾಸಿಟಿವ್. ಮೇಲಿಂದ ನೋಡಿದಾಗ ಎರಡು ಚಕ್ರದ ಮುಂಭಾಗ ಹತ್ತಿರ ಬಂದಿದ್ರೆ ಟೋ-ಇನ್, ದೂರ ಹೋಗಿದ್ರೆ ಟೋ-ಔಟ್. ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋದು ಕ್ಯಾಸ್ಟರ್, ಇದು ಜಾಸ್ತಿ ಇದ್ದಷ್ಟೂ ಸ್ಟೇರಿಂಗ್ ತಿರುಗಿಸಿದಾಗ ಹೊರಗಿನ ಚಕ್ರಕ್ಕೆ ತಾನಾಗೇ ನೆಗೆಟಿವ್ ಕ್ಯಾಂಬರ್ ಸೇರುತ್ತೆ. ಕ್ಯಾಸ್ಟರ್ ಹೊಂದಿಸೋ ಅವಕಾಶ ಇದ್ರೆ ಎರಡೂ ಕಡೆ ಸಮ ಇಟ್ಕೊಂಡು ಜಾಸ್ತಿ ಕಡೆಗೇ ಹೋಗಿ, ಟಯರ್ ಸವೆತಕ್ಕೆ ಅದರಿಂದ ಹೆಚ್ಚು ತೊಂದ್ರೆ ಇಲ್ಲ. ಟಯರ್ ತಿನ್ನೋದು ಉಳಿದ ಎರಡು.

ಕಾರ್ನರ್‌ನಲ್ಲಿ ಬಾಡಿ 3 ಡಿಗ್ರಿ ವಾಲಿತು ಅಂತಿಟ್ಕೊಳ್ಳಿ, ಹೊರಗಿನ ಚಕ್ರ ಕೂಡ ಬಾಡಿ ಜೊತೆ ಹೊರಗೆ ವಾಲೋಕೆ ನೋಡುತ್ತೆ, ಸಸ್ಪೆನ್ಶನ್ ಒತ್ತಿದಾಗ ಎಷ್ಟು ನೆಗೆಟಿವ್ ಕ್ಯಾಂಬರ್ ವಾಪಸ್ ಸಿಗುತ್ತೆ ಅನ್ನೋದು ಅದರ ಡಿಸೈನ್ ಮೇಲೆ ಹೋಗುತ್ತೆ. ಡಬಲ್ ವಿಶ್‌ಬೋನ್‌ನಲ್ಲಿ (ಚಕ್ರಕ್ಕೆ ಮೇಲೊಂದು ಕೆಳಗೊಂದು ಆರ್ಮ್ ಇರೋದು) ಒಳ್ಳೆ ಪಾಲು ವಾಪಸ್ ಸಿಗುತ್ತೆ, ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಕೆಳಗೆ ಮಾತ್ರ ಆರ್ಮ್, ಮೇಲೆ ಶಾಕ್ ಅಬ್ಸಾರ್ಬರೇ ಚಕ್ರ ಹಿಡಿಯೋದು) ಸ್ವಲ್ಪನೇ ಸಿಗೋದು, ಅದ್ರಲ್ಲೂ ಕಾರನ್ನ ತುಂಬ ಕೆಳಗೆ ಇಳಿಸಿ ಕೆಳಗಿನ ಆರ್ಮ್ ಹೊರತುದಿ ಮೇಲಕ್ಕೆ ಎದ್ದಿದ್ರೆ ಸಿಗೋ ಬದಲು ಇನ್ನೂ ಕಳ್ಕೊಳ್ಳುತ್ತೆ. ಅದಕ್ಕೇ ಮಜ್ದಾ ಎಂಎಕ್ಸ್-5 ಮುಂಭಾಗಕ್ಕೆ ಸಾಕಾಗೋ ಕ್ಯಾಂಬರ್ ಟೊಯೋಟಾ ಜಿಆರ್86 ಮುಂಭಾಗಕ್ಕೆ ಸಾಕಾಗೋದಿಲ್ಲ, ಮೊದಲನೇದು ಡಬಲ್ ವಿಶ್‌ಬೋನ್, ಎರಡನೇದು ಸ್ಟ್ರಟ್. ಬೇರೆ ಯಾರೋ ಅವರ ಕಾರಿಗೆ ಹಾಕಿದ ನಂಬರನ್ನ ಹಂಗೇ ನಿಮ್ಮ ಕಾರಿಗೆ ತಂದು ಹಾಕಬೇಡಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಹಂತ 1: ಸವೆತ ನೋಡೋದು

ಕಾರನ್ನ ಜಾಕ್ ಮೇಲೆ ಎತ್ತಿ, ಕೆಳಗೆ ಜಾಕ್ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ಬೆಳಕಲ್ಲಿ ಇಟ್ಕೊಂಡು ನೋಡಿ, ಚಕ್ರ ಕಾರಲ್ಲೇ ಇರೋವಾಗ ಒಳ ಅಂಚು ಕಾಣೋದೇ ಇಲ್ಲ, ಎಷ್ಟೋ ಸಲ ಹೊರಗಡೆ ಚೆನ್ನಾಗಿ ಕಾಣೋ ಟಯರ್ ಒಳಗಡೆ ರಬ್ಬರ್ ಸವೆದು ಅದರಡಿಯ ದಾರ ಬಿಟ್ಕೊಂಡಿರುತ್ತೆ. ಡೆಪ್ತ್ ಗೇಜ್‌ನಲ್ಲಿ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳತೆ ತಗೊಂಡು ಬರ್ಕೊಳ್ಳಿ, ನಾಲ್ಕೂ ಟಯರ್‌ದು.

ಹೊರ ಅಂಚು ಮಾತ್ರ ಹೋಗಿದ್ರೆ ಕ್ಯಾಂಬರ್ ಕಡಿಮೆ ಆಗಿದೆ, ಇಲ್ಲಾ ಗಾಳಿ ಕಡಿಮೆ ಇದೆ, ಇಲ್ಲಾ ಕಾರು ಅಂಡರ್‌ಸ್ಟಿಯರ್ ಆಗ್ತಿರೋವಾಗ (ತಿರುಗಿಸಿದಷ್ಟು ತಿರುಗದೆ ಮುಂದಕ್ಕೇ ಜಾರ್ತಿರೋವಾಗ) ಸ್ಟೇರಿಂಗ್ ಇನ್ನೂ ತಿರುಗಿಸ್ತಾ ಹೋಗ್ತಿದ್ದೀರ. ಈ ಮೂರನೇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಆದ್ರೆ ಕಾರ್ನರ್‌ಗೆ ಜಾಸ್ತಿ ವೇಗದಲ್ಲಿ ನುಗ್ಗಿ ಮುಂದಿನ ಟಯರ್‌ಗಳನ್ನ ಅಡ್ಡಡ್ಡ ಉಜ್ಜಿಸಿದ್ರೆ ಯಾವ ಅಲೈನ್‌ಮೆಂಟೂ ಉಳಿಸಲ್ಲ. ಒಳ ಅಂಚು ಮಾತ್ರ ಹೋಗಿದ್ರೆ ಎಲ್ರೂ ಮೊದ್ಲು ಕ್ಯಾಂಬರ್ ಮೇಲೆ ಹೇಳ್ತಾರೆ, ನಾನು ಮೊದ್ಲು ಟೋ ನೋಡಿ ಅಂತೀನಿ, ಯಾಕಂದ್ರೆ ನೆಗೆಟಿವ್ ಕ್ಯಾಂಬರ್ ಜೊತೆ ಟೋ-ಔಟ್ ಸೇರ್ಕೊಂಡ್ರೆ ಒಳ ಅಂಚು ಬೆಣ್ಣೆ ಕರಗಿದ ಹಾಗೆ ಹೋಗುತ್ತೆ, ಅದೇ ಕ್ಯಾಂಬರ್‌ಗೆ ಟೋ ಸೊನ್ನೆ ಇದ್ರೆ ರಸ್ತೇಲೂ ಎಷ್ಟೋ ಕಾಲ ಬಾಳಿಕೆ ಬರುತ್ತೆ. ಟೋ ತಪ್ಪಿದ್ಯಾ ಅಂತ ಕೈಯಲ್ಲೇ ಗೊತ್ತಾಗುತ್ತೆ, ಅಂಗೈನ ಟಯರ್ ಮೇಲೆ ಅಡ್ಡಡ್ಡ ಸವರಿ, ಒಂದು ಕಡೆ ಹೋಗೋವಾಗ ನುಣ್ಣಗೆ, ವಾಪಸ್ ಬರೋವಾಗ ಗರಗಸದ ತರ ಚುಚ್ಚಿದ್ರೆ ಅನುಮಾನ ಪಡಬೇಕು. ಟ್ರ್ಯಾಕ್‌ನಲ್ಲಿ ಕಾರ್ನರ್ ಮಾಡಿದ್ರಿಂದಲೂ ಇಂಥ ಅಂಚು ಏಳುತ್ತೆ, ಅದಕ್ಕೆ ರಸ್ತೇಲಿ ಸ್ವಲ್ಪ ಓಡಿಸಿದ ಮೇಲೆ ಇನ್ನೊಂದ್ಸಲ ಸವರಿ ನೋಡಿ. ನಡುಭಾಗ ಹೋಗಿದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಹೋಗಿ ನಡುವೆ ಉಳಿದಿದ್ರೆ ಗಾಳಿ ಕಡಿಮೆ. ಅಲ್ಲಲ್ಲಿ ಗುಳಿ ಗುಳಿ ಬಿದ್ದಿದ್ರೆ ಅದು ಕೋನದ ವಿಷಯ ಅಲ್ಲ, ಶಾಕ್ ಅಬ್ಸಾರ್ಬರ್, ಬ್ಯಾಲೆನ್ಸಿಂಗ್, ಬುಷ್ (ಆರ್ಮ್ ಕೀಲಿನ ರಬ್ಬರ್) ಕಡೆ ನೋಡಿ.

ಎಡ ಬಲ ಒಂದೇ ಸಮ ಇರಲ್ಲ, ಗಾಬರಿ ಆಗ್ಬೇಡಿ. ಗಡಿಯಾರದ ದಿಕ್ಕಲ್ಲಿ ಓಡೋ ಟ್ರ್ಯಾಕ್‌ನಲ್ಲಿ ಬಲ ತಿರುವುಗಳೇ ಜಾಸ್ತಿ ಇರೋದ್ರಿಂದ ಎಡಗಡೆ ಟಯರ್‌ಗಳು ಮೊದಲು ಸಾಯ್ತವೆ.

ಹಂತ 2: ಬಿಸಿ ಇದ್ದಾಗಲೇ ಅಳೆಯೋದು

ಸವೆತ ಹೇಳೋದು ಆಗಿಹೋದ ಕಥೆ, ಟೆಂಪರೇಚರ್ ಹೇಳೋದು ಈಗ ಆಗ್ತಿರೋದು. ಸೂಜಿ ಇರೋ ಪ್ರೋಬ್ ಥರ್ಮಾಮೀಟರ್ ಬೇಕು, ರಬ್ಬರ್ ಒಳಗೆ ಚುಚ್ಚಿ ಅಳೆಯೋದು. ಇನ್‌ಫ್ರಾರೆಡ್ ಗನ್ ಮೇಲ್ಮೈ ಮಾತ್ರ ಅಳೆಯುತ್ತೆ, ಪಿಟ್‌ಗೆ ಬರೋಷ್ಟರಲ್ಲೇ ಮೇಲ್ಮೈ ಆರಿಹೋಗಿರುತ್ತೆ, ಅದನ್ನ ನಂಬಿ ಕ್ಯಾಂಬರ್ ಬದಲಾಯಿಸೋದು ನನಗೆ ಸರಿ ಕಾಣಲ್ಲ. ಜೋರಾಗಿ ಕೆಲವು ಲ್ಯಾಪ್ ಹೊಡೆದು, ತಣ್ಣಗೆ ಮಾಡೋ ಲ್ಯಾಪ್ ತುಂಬ ಎಳೀದೆ ಒಳಗೆ ಬಂದು, ಜಾಸ್ತಿ ಭಾರ ಬೀಳೋ ಕಡೆಯ ಮುಂದಿನ ಟಯರಿಂದ ಶುರು ಮಾಡಿ ಒಳಗೆ, ನಡುವೆ, ಹೊರಗೆ ಅಂತ ಬೇಗ ಬೇಗ ತಗೊಳ್ಳಿ, ಒಬ್ರು ಚುಚ್ಚೋದು ಇನ್ನೊಬ್ರು ಬರ್ಕೊಳ್ಳೋದು.

ಒಳ ಅಂಚು ಹೊರ ಅಂಚಿಗಿಂತ 5ರಿಂದ 10 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಇದ್ರೆ ಚೆನ್ನಾಗೇ ಇದೆ, ಯಾಕಂದ್ರೆ ನೇರ ಓಡೋವಾಗ ನೆಗೆಟಿವ್ ಕ್ಯಾಂಬರ್ ಇರೋ ಟಯರ್ ಒಳ ಅಂಚಲ್ಲೇ ಓಡ್ತಿರುತ್ತೆ. ಹೊರ ಅಂಚೇ ಜಾಸ್ತಿ ಬಿಸಿ ಇದ್ರೆ ಕ್ಯಾಂಬರ್ ಸಾಲ್ತಿಲ್ಲ. ಒಳ ಅಂಚು 15 ಡಿಗ್ರಿಗಿಂತಲೂ ಮೇಲೆ ಹೋದ್ರೆ ಕ್ಯಾಂಬರ್ ಅತಿಯಾಯ್ತು, ಬ್ರೇಕ್ ಹೊಡೆದಾಗಲೂ ಪೂರ್ತಿ ಟಯರ್ ನೆಲ ಹಿಡೀತಿಲ್ಲ ಅಂತ.

ಗಾಳಿಯನ್ನೂ ಬಿಸಿಯಲ್ಲೇ ನೋಡಿ. ಟಯರ್ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದ್ರೆ ಸುಮಾರು 1.5 ಪಿಎಸ್‌ಐ ಏರುತ್ತೆ, ಬೆಳಿಗ್ಗೆ ತಣ್ಣಗಿದ್ದಾಗ 30 ಹಾಕಿದ್ದು ಕೆಲವು ಲ್ಯಾಪ್ ಆದ್ಮೇಲೆ 36, 37 ತೋರಿಸೋದು ಇದಕ್ಕೇ. ಟಯರ್ ಕಂಪನಿ ಹೇಳಿರೋ ಬಿಸಿ ಪ್ರೆಶರ್‌ಗೆ ಬರೋ ಹಾಗೆ ಪ್ರತಿ ಸೆಷನ್ ಆದ್ಮೇಲೆ ಸ್ವಲ್ಪ ಬಿಡಿ, ಆದ್ರೆ ಸಂಜೆ ಅದೇ ಕಾರಲ್ಲಿ ರಸ್ತೆಗೆ ಇಳಿಯೋ ಮುಂಚೆ ಮತ್ತೆ ಗಾಳಿ ತುಂಬಿಸ್ಲೇಬೇಕು, ಆರಿದ ಮೇಲೆ ಅದು ತುಂಬ ಕಡಿಮೆ ಆಗಿರುತ್ತೆ. ಗಾಳಿ ಸರಿ ಹೋಗೋವರೆಗೂ ಕ್ಯಾಂಬರ್ ಮುಟ್ಟಬೇಡಿ.

ಹಂತ 3: ಅಳತೆಗೆ ಮುಂಚೆ

ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಎಲ್ಲ ಅಲ್ಲಾಡಿಸಿ ನೋಡಿ, ಲೂಸ್ ಇರೋ ಕಾರಿಗೆ ಅಲೈನ್‌ಮೆಂಟ್ ಮಾಡಿದ್ರೆ ಅದು ಮೊದಲ ಬ್ರೇಕಿಗೇ ಬದಲಾಗುತ್ತೆ. ಕಾರಿನ ಎತ್ತರ ಬದಲಾಯಿಸೋದಿದ್ರೆ ಈಗಲೇ ಮಾಡಿ. ಅರ್ಧ ಟ್ಯಾಂಕ್ ಪೆಟ್ರೋಲ್, ಟಯರ್ ಗಾಳಿ ಸರಿ, ಡ್ರೈವರ್ ಸೀಟಲ್ಲಿ ನಿಮ್ಮಷ್ಟೇ ತೂಕದ ಮೂಟೆ ಅಥವಾ ಒಬ್ಬ ಮನುಷ್ಯ.

ನೆಲ ಮಟ್ಟ ಇರ್ಬೇಕು. ನೀರು ತುಂಬಿದ ಪಾರದರ್ಶಕ ಪೈಪ್ ಒಂದಿದ್ರೆ ನಾಲ್ಕು ಚಕ್ರದ ಜಾಗಾನೂ ಮಟ್ಟ ನೋಡ್ಬಹುದು, ಕಮ್ಮಿ ಇರೋ ಕಡೆ ಪ್ಲೈವುಡ್ ತುಂಡು ಕೊಡಿ. ಪ್ರತಿ ಚಕ್ರದ ಕೆಳಗೆ ಎರಡು ಟೈಲ್ಸ್, ನುಣುಪು ಮುಖ ಎದುರುಬದುರು ಇಟ್ಟು ನಡುವೆ ಗ್ರೀಸ್ ಹಚ್ಚಿ, ಆಗ ಚಕ್ರ ನೆಲಕ್ಕೆ ಅಂಟ್ಕೊಳ್ಳದೆ ತನ್ನ ಜಾಗಕ್ಕೆ ತಾನು ಜಾರುತ್ತೆ. ಈ ಟೈಲ್ಸ್ ಇಲ್ದೆ ತಗೊಂಡ ಟೋ ಅಳತೆ ಒಂದೊಂದ್ಸಲ ಒಂದೊಂದು ತರ ಬರುತ್ತೆ.

ಹಂತ 4: ದಾರ ಕಟ್ಟಿ ಅಳೆಯೋದು

ಕಾರಿನ ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು, ಹಬ್ (ಚಕ್ರದ ನಡುಭಾಗ) ಎತ್ತರಕ್ಕೆ ಸಣ್ಣ ಗಟ್ಟಿ ದಾರ ಬಿಗಿಯಾಗಿ ಎಳೀರಿ. ಮುಂದಿನ ಪ್ರತಿ ಹಬ್‌ನ ನಡುಬಿಂದುವಿಂದ ಅದರ ಪಕ್ಕದ ದಾರಕ್ಕೆ ದೂರ ಎಡ ಬಲ ಸಮ ಇರ್ಬೇಕು, ಹಿಂದಿನ ಎರಡೂ ಹಂಗೇ. ಮುಂದಕ್ಕೂ ಹಿಂದಕ್ಕೂ ಸಮ ಇರ್ಬೇಕು ಅಂತಿಲ್ಲ, ಹಿಂದಿನ ಚಕ್ರಗಳ ನಡುವಿನ ಅಗಲ ಮುಂದಿನದಕ್ಕಿಂತ 20 ಮಿಮೀ ಕಡಿಮೆ ಇದ್ರೆ ಹಿಂದೆ ಪ್ರತಿ ಪಕ್ಕಕ್ಕೆ 10 ಮಿಮೀ ಜಾಸ್ತಿ ಬರ್ಬೇಕು, ಇಲ್ಲಿ ಎಡವಿದ್ರೆ ಮುಂದಿನ ಎಲ್ಲ ಲೆಕ್ಕಾನೂ ತಪ್ಪು. ಸ್ಟೇರಿಂಗ್ ನೇರ ಮಾಡಿ ಅಲ್ಲಾಡದ ಹಾಗೆ ಕಟ್ಟಿ. ಆಮೇಲೆ ದಾರದಿಂದ ರಿಮ್‌ನ ಮುಂದಿನ ಅಂಚಿಗೆ, ಹಿಂದಿನ ಅಂಚಿಗೆ ಸ್ಟೀಲ್ ಸ್ಕೇಲ್‌ನಲ್ಲಿ ಅಳೆಯಿರಿ, ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ರೆ ಟೋ-ಇನ್, ಹತ್ತಿರ ಇದ್ರೆ ಟೋ-ಔಟ್.

ಕ್ಯಾಂಬರ್‌ಗೆ ಡಿಜಿಟಲ್ ಆಂಗಲ್ ಗೇಜ್ ಸಾಕು, ನೇರ ಇರೋ ಅಲ್ಯೂಮಿನಿಯಂ ಪಟ್ಟಿಯನ್ನ ರಿಮ್‌ನ ಮೇಲಿನ ಕೆಳಗಿನ ಅಂಚಿಗೆ ಹಿಡಿದು ಅದರ ಮೇಲೆ ಗೇಜ್ ಇಡಿ. ಗೇಜ್ ಇಲ್ದಿದ್ರೆ ತೂಕದ ಗುಂಡಿನ ದಾರ ಇಳಿಬಿಟ್ಟು ಮೇಲಿನ ಕೆಳಗಿನ ಅಂಚಿಗೆ ಇರೋ ವ್ಯತ್ಯಾಸ ಅಳೆದ್ರೂ ಆಗುತ್ತೆ, ರಿಮ್ ಅಂಚಿಂದ ಅಂಚಿಗೆ 460 ಮಿಮೀ ಇದ್ರೆ 8 ಮಿಮೀ ವ್ಯತ್ಯಾಸ ಅಂದ್ರೆ 1 ಡಿಗ್ರಿ.

ಹಂತ 5: ಹೊಂದಿಸೋದು

ಹಿಂದಿನ ಚಕ್ರ ಮೊದಲು, ಆಮೇಲೆ ಮುಂದಿನದು, ಕ್ಯಾಂಬರ್ ಮೊದಲು, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದ್ರೆ ಟೋ ಬದಲಾಗುತ್ತೆ, ಟೋ ಮುಟ್ಟಿದ್ರೆ ಕ್ಯಾಂಬರ್ ಹೆಚ್ಚುಕಮ್ಮಿ ಹಂಗೇ ಇರುತ್ತೆ, ಅದಕ್ಕೇ ಈ ಕ್ರಮ. ಕ್ಯಾಂಬರ್ ಎಲ್ಲಿ ಹೊಂದಿಸೋದು ಅನ್ನೋದು ಕಾರಿಂದ ಕಾರಿಗೆ ಬೇರೆ, ಎಂಎಕ್ಸ್-5ನಲ್ಲಿ ಕೆಳಗಿನ ಆರ್ಮ್‌ನ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದ್ರೆ ಆರ್ಮ್‌ನ ಒಳಗೆ ಹೊರಗೆ ಜರುಗಿಸೋದು), ಪೋರ್ಷೆ 911 ಜಿಟಿ3ನಲ್ಲಿ ಕೆಳಗಿನ ಆರ್ಮ್ ನಡುವೆ ಹಾಕೋ ಶಿಮ್ (ತೆಳು ಲೋಹದ ಬಿಲ್ಲೆ), ಸ್ಟ್ರಟ್ ಇರೋ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟ್ರಟ್ ತಲೆ ಜರುಗಿಸೋ ಕ್ಯಾಂಬರ್ ಪ್ಲೇಟ್ ಅಥವಾ ಕ್ಯಾಂಬರ್ ಬೋಲ್ಟ್ ಬೇರೆ ಹಾಕಿಸ್ಬೇಕು.

ಎಲ್ಲಿಂದ ಶುರು ಮಾಡೋದು ಅಂದ್ರೆ, ಸ್ಟ್ರಟ್ ಇರೋ ಮುಂಭಾಗಕ್ಕೆ ಮೈನಸ್ 2.5ರಿಂದ 3 ಡಿಗ್ರಿ, ಡಬಲ್ ವಿಶ್‌ಬೋನ್‌ಗೆ ಮೈನಸ್ 2ರ ಆಸುಪಾಸು, ಹಿಂದಿನ ಚಕ್ರ ಎಳೆಯೋ ಕಾರಾದ್ರೆ ಹಿಂದೆ ಮುಂದಿಗಿಂತ ಅರ್ಧ ಡಿಗ್ರಿ ಕಡಿಮೆ. ಮುಂದೆ ಟೋ ಸೊನ್ನೆ, ಟರ್ನ್-ಇನ್ (ಕಾರ್ನರ್‌ಗೆ ತಿರುಗೋಕೆ ಶುರು ಮಾಡೋದು) ಇನ್ನೂ ಚುರುಕು ಬೇಕಂದ್ರೆ ಒಟ್ಟು 1, 2 ಮಿಮೀ ಔಟ್, ಹಿಂದೆ ಒಟ್ಟು 2 ಮಿಮೀ ಆಸುಪಾಸು ಇನ್. ಹಿಂದೆ ಟೋ-ಔಟ್ ಮಾತ್ರ ಬೇಡವೇ ಬೇಡ, ಬ್ರೇಕ್ ಹೊಡೀತಾ ಕಾರ್ನರ್‌ಗೆ ತಿರುಗಿಸಿದಾಗ ಹಿಂಭಾಗ ಕೈಗೆ ಸಿಗದೆ ಹೋಗಬಹುದು. ರಸ್ತೇಲೂ ಅದೇ ಕಾರು ಓಡಿಸೋರು ಮುಂದೆ ಟೋ ಸೊನ್ನೆಗೇ ಇರಿ, ಟರ್ನ್-ಇನ್‌ನಲ್ಲಿ ಸಿಗೋ ಚೂರು ಚುರುಕಿಗೆ ಹೆದ್ದಾರೀಲಿ ಒಳ ಅಂಚು ಕೊಡೋದು ನಷ್ಟದ ವ್ಯವಹಾರ.

ಮುಂದಿನ ಟೋ ಹೊಂದಿಸೋ ಟೈ ರಾಡ್ ಎರಡೂ ಕಡೆ ಸಮ ತಿರುಗಿಸಿ, ಇಲ್ದಿದ್ರೆ ನೇರ ಹೋಗೋವಾಗ ಸ್ಟೇರಿಂಗ್ ವಾರೆ ನಿಲ್ಲುತ್ತೆ. ಪ್ರತಿ ಬದಲಾವಣೆ ಆದ್ಮೇಲೂ ಸಸ್ಪೆನ್ಶನ್ ಮೇಲೆ ಕೆಳಗೆ ಅದುಮಿ ಕೂರಿಸಿ ಮತ್ತೆ ಅಳೆಯಿರಿ. ಲಾಕ್ ನಟ್ ಬಿಗಿ ಮಾಡೋವಾಗ ಅಳತೆ ಜರುಗೋದು ಉಂಟು, ಬಿಗಿ ಮಾಡಿದ್ಮೇಲೆ ಕೊನೇ ಸಲ ನೋಡಲೇಬೇಕು, ಎಲ್ಲ ಬೋಲ್ಟೂ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿರೋ ಅಳತೆಗೆ, ಆಮೇಲೆ ಪೇಂಟ್ ಮಾರ್ಕರ್‌ನಲ್ಲಿ ಗೆರೆ ಹಾಕಿ, ಜರುಗಿದ್ರೆ ಕಣ್ಣಿಗೇ ಕಾಣುತ್ತೆ.

ಹಂತ 6: ವಾಪಸ್ ಟ್ರ್ಯಾಕ್‌ಗೆ

ಮೊದಲ ಸೆಷನ್ ನಿಧಾನ, ಒಳಗೆ ಬಂದು ಗೆರೆಗಳನ್ನ ನೋಡಿ, ವೀಲ್ ನಟ್ ಟಾರ್ಕ್ ನೋಡಿ, ಆಮೇಲೆ ಜೋರಾಗಿ ಓಡಿಸಿ ಟೆಂಪರೇಚರ್ ತಗೊಳ್ಳಿ. ಹೊರ ಅಂಚು ಇನ್ನೂ ಬಿಸಿ ಇದ್ರೆ ಅರ್ಧ ಡಿಗ್ರಿ ಕ್ಯಾಂಬರ್ ಸೇರಿಸಿ, ಟೋ ಮತ್ತೆ ಮೊದಲಿದ್ದಲ್ಲಿಗೇ ತಂದು ಓಡಿಸಿ, ಬೇರೆ ಏನೂ ಮುಟ್ಟಬೇಡಿ. ಗಾಳಿ, ಕ್ಯಾಂಬರ್, ಆಂಟಿ-ರೋಲ್ ಬಾರ್ (ಬಾಡಿ ವಾಲೋದನ್ನ ತಡೆಯೋ ಸರಳು) ಮೂರನ್ನೂ ಒಟ್ಟಿಗೆ ಬದಲಾಯಿಸಿದವರಿಗೆ ಕಾರು ಚೆನ್ನಾದ್ರೂ ಯಾತಕ್ಕೆ ಚೆನ್ನಾಯ್ತು ಅಂತ ಗೊತ್ತಾಗಲ್ಲ.

ಇಷ್ಟೆಲ್ಲ ಮಾಡಿದ್ರೂ ಒಂದು ಅಂಚು ಸ್ವಲ್ಪ ಬೇಗ ಹೋಗೇ ಹೋಗುತ್ತೆ, ಆಗ ಟಯರ್ ಬದಲಾಯಿಸಿ ಹಾಕೋ ದಾರಿ ಇದೆ. ತಿರುಗೋ ದಿಕ್ಕಿನ ಬಾಣ ಇರೋ ಟಯರನ್ನ ರಿಮ್‌ನಿಂದ ಬಿಚ್ಚಿಸಿ ಇನ್ನೊಂದು ಪಕ್ಕದ ಚಕ್ರಕ್ಕೆ ಹಾಕಿಸಿದ್ರೆ ಬಾಣದ ದಿಕ್ಕೂ ಸರಿ ಇರುತ್ತೆ, ಸವೆದ ಹೊರ ಅಂಚು ಒಳಗೆ ಬರುತ್ತೆ. ಪಕ್ಕದಲ್ಲಿ ಹೊರಮುಖ ಇದು, ಒಳಮುಖ ಇದು ಅಂತ ಗುರುತು ಇರೋ ಟಯರ್‌ಗೆ ಹೀಗೆ ಮಾಡೋಕಾಗಲ್ಲ, ಅದಕ್ಕೆ ಬಾಣ ಇಲ್ಲ ಅಂದ್ರೆ ಚಕ್ರ ಸಮೇತ ಎಡ ಬಲ ಅದಲು ಬದಲು ಮಾಡ್ಬಹುದು ಅಷ್ಟೇ, ಅದೂ ಸವೆತದ ಗುರುತಿನ ದಿಬ್ಬ 1.6 ಮಿಮೀಗೆ ಇನ್ನೂ ಮುಟ್ಟಿಲ್ಲ, ಅಂಚಲ್ಲಿ ದಾರ ಕಾಣ್ತಿಲ್ಲ ಅಂದ್ರೆ ಮಾತ್ರ.