ಮೊಡವೆ ಮೇಲೆ ಬೊಟ್ಟಿಟ್ಟರೆ ಸಾಲದು

ಎದ್ದ ಮೊಡವೆಯ ತಲೆ ಮೇಲೆ ಕ್ರೀಮಿನ ಒಂದು ಬೊಟ್ಟು. ಹತ್ತು ದಿನ ಕಾದು, ಆ ಟ್ಯೂಬು ಮೂಲೆಗೆ. ಆಮೇಲೆ ಹೊಸ ಟ್ಯೂಬು. ನನ್ನ ತಂಗಿ ಎರಡು ವರ್ಷ ಮಾಡಿದ್ದು ಇಷ್ಟೇ. ಔಷಧಿ ಕೆಟ್ಟದ್ದೇನಲ್ಲ, ಹಚ್ಚುವ ರೀತಿ ತಪ್ಪಾಗಿತ್ತು.

ಇವತ್ತು ಕಾಣುವ ಮೊಡವೆ ಇವತ್ತು ಹುಟ್ಟಿದ್ದಲ್ಲ. ವಾರಗಟ್ಟಲೆ ಮೊದಲೇ ಚರ್ಮದ ಸಣ್ಣ ರಂಧ್ರದಲ್ಲಿ ಎಣ್ಣೆ ಮತ್ತು ಸತ್ತ ಚರ್ಮದ ಪುಡಿ ಸೇರಿ ಬಿರಡೆಯಂತೆ ಕೂತಿರುತ್ತದೆ. ಅದರ ಹಿಂದೆ ಬ್ಯಾಕ್ಟೀರಿಯಾ ಹೆಚ್ಚಿ, ಊದಿ, ಕೆಂಪಾದಾಗ ನಮ್ಮ ಕಣ್ಣಿಗೆ ಬೀಳುತ್ತದೆ. ಅಂದರೆ ನಾಳೆ ಏಳುವ ಮೊಡವೆಗಳು ಈಗ ನುಣ್ಣಗೆ ಕಾಣುವ ಜಾಗದಲ್ಲೇ ಇವೆ. ಬೊಟ್ಟಿಟ್ಟರೆ ಅವಕ್ಕೆ ಔಷಧಿ ತಲುಪುವುದೇ ಇಲ್ಲ ಅಲ್ವಾ?

ಮೊದಲ ಹಂತ ಮುಖ ತೊಳೆಯುವುದು. ಮೃದುವಾದ ಫೇಸ್‌ವಾಷ್, ದಿನಕ್ಕೆ ಎರಡು ಸಲ, ಬೆರಳಿನಿಂದ. ಸ್ಕ್ರಬ್ಬರ್ ಬೇಡ. ಮೊಡವೆ ಕೊಳೆಯಿಂದ ಬರುವುದಲ್ಲ, ಉಜ್ಜಿದರೆ ಹೋಗುವುದೂ ಇಲ್ಲ.

ಎರಡನೆಯದು ಔಷಧಿ ಆರಿಸುವುದು. ನಾನು ರಾತ್ರಿಗೆ 0.1% ಅಡಾಪಲೀನ್ ಜೆಲ್, ಬೆಳಿಗ್ಗೆಗೆ 2.5% ಬೆಂಝಾಯ್ಲ್ ಪೆರಾಕ್ಸೈಡ್ ಎನ್ನುತ್ತೇನೆ. ಮೊದಲನೆಯದು ರಂಧ್ರ ಕಟ್ಟದಂತೆ ನೋಡಿಕೊಳ್ಳುತ್ತದೆ, ಎರಡನೆಯದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. 10% ಇದ್ದರೆ ಬೇಗ ಗುಣವಾಗುತ್ತದೆ ಎಂದು ಆಸೆಪಡಬೇಡಿ. ಕೆಲಸ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಜಾಸ್ತಿ. ಅಡಾಪಲೀನ್ ಅಮೆರಿಕದಲ್ಲಿ 2016ರಿಂದ ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ. ಬೇರೆ ಕಡೆ ಚೀಟಿ ಬೇಕಾಗಬಹುದು. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಅಡಾಪಲೀನ್ ಹಚ್ಚಬಾರದು.

ಇನ್ನು ಎಲ್ಲರೂ ಎಡವುವ ಜಾಗ, ರಾತ್ರಿಯ ಅಡಾಪಲೀನ್ ಜೆಲ್ ಹಚ್ಚುವುದು. ಮುಖ ತೊಳೆದ ತಕ್ಷಣ ಹಚ್ಚಬೇಡಿ. ಒದ್ದೆ ಚರ್ಮದ ಮೇಲೆ ಉರಿ ಹೆಚ್ಚು. ಒರೆಸಿ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಳ್ಳಿ. ಹೌದು, ಇಡೀ ಮುಖಕ್ಕೆ ಅಷ್ಟೇ. ಹಣೆ, ಎರಡು ಕೆನ್ನೆ, ಗಲ್ಲ, ನಾಲ್ಕು ಕಡೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಮೊಡವೆ ಇಲ್ಲದ ಜಾಗಕ್ಕೂ ಹಚ್ಚಿ. ಕಣ್ಣಿನ ಸುತ್ತ, ಮೂಗಿನ ಪಕ್ಕದ ಮಡಿಕೆ, ತುಟಿಯ ಅಂಚು ಮಾತ್ರ ಬಿಡಿ. ಮೇಲಿಂದ ಮಾಯಿಶ್ಚರೈಸರ್. ಚರ್ಮ ಬಹಳ ಸೂಕ್ಷ್ಮವಾಗಿದ್ದರೆ ಜೆಲ್‌ಗಿಂತ ಮೊದಲೂ ಒಂದು ಪದರ ಹಚ್ಚಿ. ಮೊದಲ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ತಡೆದುಕೊಂಡರೆ ದಿನವೂ.

ಎರಡನೇ ವಾರದ ಹೊತ್ತಿಗೆ ಸಿಪ್ಪೆ ಏಳುತ್ತದೆ. ಕೆಲವರಿಗೆ ಮೊಡವೆಯೇ ಜಾಸ್ತಿಯಾಗುತ್ತದೆ. ತಂಗಿ ಪ್ರತಿ ಸಲ ಟ್ಯೂಬು ಬಿಸಾಕುತ್ತಿದ್ದದ್ದು ಸರಿಯಾಗಿ ಇಲ್ಲೇ. ಸುಮ್ನೆ ಮುಂದುವರಿಸಿ. ಉರಿ ತಡೆಯದಿದ್ದರೆ ಎರಡು ರಾತ್ರಿ ಬಿಡುವು ಕೊಡಿ, ನಿಲ್ಲಿಸಬೇಡಿ. ಫಲ ಕಾಣಲು 8ರಿಂದ 12 ವಾರ ಬೇಕು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ.

ಹಗಲು ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಮೇಲೆ. ಇದಿಲ್ಲದಿದ್ದರೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಕೂತಿರುತ್ತದೆ.

ನಡುವೆ ಅಡ್ಡದಾರಿಗಳ ಮಾತು. ಟೂತ್‌ಪೇಸ್ಟ್, ನಿಂಬೆರಸ, ಅಡುಗೆ ಸೋಡಾ, ಮೂರೂ ಚರ್ಮ ಸುಡುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಮುಖ ಬೆಳ್ಳಗಾಗಲು ಹಚ್ಚುವ ಸ್ಟೆರಾಯ್ಡ್ ಬೆರೆತ ಕ್ರೀಮು. ಬೆಟಾಮೆಥಸೋನ್, ಕ್ಲೊಬೆಟಸೋಲ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಮುಖಕ್ಕೆ ತಾಗಿಸಬೇಡಿ. ನಾಲ್ಕು ದಿನ ಮುಖ ನುಣ್ಣಗಾಗುತ್ತದೆ, ಆಮೇಲೆ ಅದೇ ಮೊಡವೆ ತರಿಸುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಟ್ಟು ಮುಖ ಕೆಂಡವಾಗುವ ಮೊದಲು ವೈದ್ಯರಿಗೆ ತೋರಿಸಿ. ಆ್ಯಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳಾನುಗಟ್ಟಲೆ ಹಚ್ಚುವುದೂ ಬೇಡ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗಾಗುತ್ತದೆ.

ಹಿಸುಕಬೇಡಿ. ಕೀವು ಒಳಗೂ ಹರಡಿ ಗುಳಿ ಬೀಳಬಹುದು. ಕೈ ತಡೆಯದವರಿಗೆ ಮೊಡವೆ ಮೇಲೆ ಅಂಟಿಸುವ ಹೈಡ್ರೊಕೊಲಾಯ್ಡ್ ಪ್ಯಾಚ್ ಇದೆ. ಔಷಧಿಗಿಂತ ಬೆರಳಿಗೆ ಅಡ್ಡಗೋಡೆಯಾಗಿ ಅದು ಒಳ್ಳೆಯದು.

ಹಣೆಯಲ್ಲಿ ಮಾತ್ರ ಸಾಲಾಗಿ ಬರುತ್ತಿದ್ದರೆ ತಲೆಗೆ ಹಚ್ಚುವ ಎಣ್ಣೆ, ಜೆಲ್ ಬಿಟ್ಟು ನೋಡಿ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ತುರಿಸಿದರೆ ಅದು ಮೊಡವೆಯೇ ಅಲ್ಲದಿರಬಹುದು, ಶಿಲೀಂಧ್ರದ ಕಾಟವಿರಬಹುದು. ನೋಯುವ ದೊಡ್ಡ ಗಂಟು, ಗುಳಿ ಬೀಳುವ ಮೊಡವೆ, ಮುಟ್ಟಿನ ಏರುಪೇರು ಮತ್ತು ಗಲ್ಲದ ಮೇಲೆ ಕೂದಲು, ಇವಕ್ಕೆ 12 ವಾರ ಕಾಯಬೇಡಿ. ನೇರ ಚರ್ಮದ ವೈದ್ಯರ ಹತ್ತಿರ ಹೋಗಿ.

ಮುಖ ತಿಳಿಯಾದ ಮೇಲೂ ರಾತ್ರಿಯ ಜೆಲ್ ಬಿಡಬೇಡಿ. ಬಿರಡೆ ಕಟ್ಟುವುದು ನಿಂತಿರುವುದು ಅದರಿಂದಲೇ. ಅಂದಹಾಗೆ ಬೆಂಝಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ಮುಖಕ್ಕೆ ಬಿಳಿ ಟವೆಲ್ಲೇ ಇಟ್ಟುಕೊಳ್ಳಿ. ನನ್ನ ನೀಲಿ ದಿಂಬಿನ ಕವರಿನ ಮೇಲೆ ತಂಗಿಯ ಕೆನ್ನೆಯ ಗುರುತು ಇನ್ನೂ ಹಾಗೇ ಇದೆ.